ಒಂದೂವರೆ ಯೂನಿಟ್ ಜಲ್ಲಿ

ನಿನ್ನೆ ಸಂಜೆ ಗೇಟಿನ ಹತ್ತಿರ ನನ್ನ ಎಡಗಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಕಾಲು ಮಾತ್ರ ಮನೆಗೆ ಬಂತು. ಅಂಗಳಕ್ಕೆ ಜಲ್ಲಿ ಹಾಕಿಸಿ ಇನ್ನೂ ತಿಂಗಳಾಗಿಲ್ಲ. ಹಾಕಿಸಿದ್ದೇ ಈ ಕೆಸರಿಗೆ ಹೆದರಿ!

ಲೆಕ್ಕ ನನ್ನದೇ. ಅಂಗಳ 30 ಅಡಿ ಉದ್ದ, 20 ಅಡಿ ಅಗಲ. ಮೂರು ಇಂಚು ದಪ್ಪ ಅಂದರೆ ಕಾಲು ಅಡಿ. ಒಟ್ಟು 150 ಘನ ಅಡಿ. ನಮ್ಮ ಕಡೆ ನೂರು ಘನ ಅಡಿಗೆ ಒಂದು ಯೂನಿಟ್, ಬೆಳಗಾವಿ ಕಡೆ ಅದನ್ನೇ ಬ್ರಾಸ್ ಅನ್ನುತ್ತಾರೆ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂದಿದೆ, ಜಲ್ಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಬೆಂಗಳೂರಿನಿಂದ ಅಕ್ಕನ ಮಗ ಫೋನಿನಲ್ಲೇ ಯಾವುದೋ ಆ್ಯಪ್ ತೆಗೆದು, "ಮಾಮ, ಡೆನ್ಸಿಟಿ ಎಷ್ಟು ಹಾಕ್ಲಿ?" ಅಂದ. ಕೊನೆಗೆ ಆರು ಟನ್ ಚಿಲ್ಲರೆ ಅಂತ ಹೇಳಿತು ಅದು. ಕೆಳಗಿರುವ ಮಣ್ಣು ಎಂಥದ್ದು ಅಂತ ಆ್ಯಪೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಮೇಸ್ತ್ರಿ ಟೇಪ್ ಹಿಡಿಯಲೇ ಇಲ್ಲ. ಗೇಟಿನ ಹತ್ತಿರ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡಿದ. "ಎರಡು ಬೇಕಾಗ್ತದೆ ಸಾ. ಇಲ್ಲಾಂದ್ರೆ ಮೊದ್ಲು ಮಣ್ಣು ಗಟ್ಟಿಯಾಗೋ ಹಂಗೆ ಧಮ್ಮಸ್ಸು ಹೊಡೆಸ್ಬೇಕು."

"ಲೆಕ್ಕ ಹಾಕಿದೀನಪ್ಪ, ಒಂದೂವರೆ ಸಾಕು."

"ಹಂಗಾದ್ರೆ ಸರಿ ಸಾ."

ಈ "ಹಂಗಾದ್ರೆ ಸರಿ" ಕೇಳಿದರೆ ನನಗೆ ಮೈ ಉರಿಯುತ್ತದೆ. ಜಗಳ ಆಡಿದ್ದರೆ ಎಷ್ಟೋ ವಾಸಿ.

ಟಿಪ್ಪರ್ ಬಂತು. ನಾನು ಟೈರ್ ಹತ್ತಿ ಒಳಗೆ ಅಳೆದೆ. ನಾಲ್ಕು ಬೆರಳಷ್ಟು ಕಮ್ಮಿ! ಡ್ರೈವರ್ ಕೆಳಗೆ ಇಳಿಯಲೂ ಇಲ್ಲ. "ಕ್ರಷರ್‌ನಲ್ಲಿ ಫುಲ್ ಇತ್ತು ಸಾ. ಹಂಪ್ ಹಂಪಿಗೂ ಕುಲುಕಿ ಕೂತ್ಕೊಂಡಿದೆ."

ನಾನು ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ನಾನು ನಮ್ಮ ತಾತನ ಮೊಮ್ಮಗ.

ತಾತ ರಾಗಿ ಅಳೆಯುವುದನ್ನು ನೋಡಬೇಕಿತ್ತು. ಕೊಡುವಾಗ ಮೊರದಿಂದ ಕೊಳಗಕ್ಕೆ ಹೂವು ಉದುರಿಸಿದ ಹಾಗೆ ಸುರಿಯುತ್ತಿದ್ದರು. ಕೊಳಗವನ್ನು ಯಾರೂ ಮುಟ್ಟುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗೂ ಇಲ್ಲ. ಕೋಲಿನಿಂದ ತಲೆ ಸವರಿ, "ಲಾಭ" ಅನ್ನುತ್ತಿದ್ದರು. ಒಂದು ಅನ್ನುವ ಪದ ನಮ್ಮ ಕಣದಲ್ಲಿ ಇರಲೇ ಇಲ್ಲ. ಲಾಭ, ಎರಡು, ಮೂರು. ಅದೇ ಬೇರೆಯವರಿಂದ ತೆಗೆದುಕೊಳ್ಳುವಾಗ ತಾತನ ಮಂಡಿ ಅದು ಹೇಗೋ ಕೊಳಗಕ್ಕೆ ತಾಗುತ್ತಿತ್ತು. ಸುಮ್ನೆ, ಗೊತ್ತಾಗದ ಹಾಗೆ. ರಾಗಿ ಒಂದು ಬೆರಳು ಕೆಳಗೆ ಇಳಿಯುತ್ತಿತ್ತು. "ಇನ್ನೊಂದು ಹಿಡಿ ಹಾಕಪ್ಪ, ಖಾಲಿ ಕಾಣ್ತಿದೆ" ಅನ್ನುತ್ತಿದ್ದರು, ದೇವರಂಥ ಮುಖ ಮಾಡಿಕೊಂಡು. ನಾನು ಶಾಲೆಗೆ ಸೇರಿದ ಮೊದಲ ವಾರ ಮೇಷ್ಟ್ರು ಹುಣಸೆಬೀಜ ಕೊಟ್ಟು ಎಣಿಸು ಅಂದರು. ನಾನು ಗಟ್ಟಿಯಾಗಿ "ಲಾಭ, ಎರಡು" ಅಂದೆ. "ಅಂಗಡಿ ಇಡ್ತೀಯೇನೋ?" ಅಂತ ತಲೆಗೊಂದು ಮೊಟಕಿದರು. ಹತ್ತು ಬೀಜ ಕೊಟ್ಟಿದ್ದರು, ನನ್ನ ಲೆಕ್ಕಕ್ಕೆ ಹನ್ನೊಂದು ಬಂತು. ತಾತನಿಗೆ ಹೇಳಿದರೆ ಬೇಜಾರೇ ಆಗಲಿಲ್ಲ. "ಜಾಸ್ತಿ ತಾನೇ ಬಂದಿದ್ದು?" ಅಂದರು.

ಇಂಥ ಮನೆಯಲ್ಲಿ ಬೆಳೆದವನು ಟಿಪ್ಪರ್ ಡ್ರೈವರಿಗೆ ಏನಂತ ಹೇಳುವುದು?

ಜಲ್ಲಿ ಹರಡಿದ ದಿನ ಅಂಗಳ ಚೆನ್ನಾಗೇ ಕಂಡಿತು. ಆಮೇಲೆ ಎರಡು ಮಳೆ ಬಂತು. ಕೆಂಪು ಮಣ್ಣು ಮೆತ್ತಗಾಗಿ ಕಲ್ಲನ್ನು ಒಂದೊಂದಾಗಿ ನುಂಗಿತು. ಉಳಿದ ಕಡೆ ಹೇಗೋ ನಡೆಯುತ್ತದೆ. ಸ್ಕೂಟರ್ ತಿರುಗಿಸುವ ಗೇಟಿನ ಹತ್ತಿರ ಮಾತ್ರ 8 ಅಡಿ ಉದ್ದ, 3 ಅಡಿ ಅಗಲ ಪೂರ್ತಿ ಕೆಸರು. ಅದಕ್ಕೆ ಬೇಕಾದ್ದು ಬರೀ ಆರು ಘನ ಅಡಿ. ಕ್ರಷರ್‌ಗೆ ಫೋನ್ ಮಾಡಿದರೆ, ಒಂದು ಲೋಡಿಗಿಂತ ಕಮ್ಮಿ ಕಳಿಸಲ್ಲ ಅಂದರು.

ಎದುರು ಮನೆಯವರು ಹೋದ ವರ್ಷ ಮನೆ ಕಟ್ಟಿಸಿದಾಗ ಉಳಿದ ಜಲ್ಲಿ ಇನ್ನೂ ರಸ್ತೆಯಲ್ಲೇ ಬಿದ್ದಿದೆ. ಅದರ ಮೇಲೆ ಬೀದಿನಾಯಿಯೊಂದು ರಾಜನ ಹಾಗೆ ಮಲಗಿರುತ್ತದೆ. ಅಷ್ಟು ದಿನ ಆ ಗುಡ್ಡೆಯನ್ನು ಬೈದುಕೊಂಡು ಓಡಾಡಿದವನು, ಇವತ್ತು ಬೆಳಿಗ್ಗೆ ಹಲ್ಲು ಕಿರಿದು ಕೇಳಿದೆ.

"ಅಯ್ಯೋ, ಧಾರಾಳವಾಗಿ ತಗೊಳ್ಳಿ ಸಾರ್. ಎಷ್ಟು ಬಾಂಡ್ಲಿ ಬೇಕಾಗುತ್ತೆ?"

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೇಸ್ತ್ರಿಗೆ ಮೂರು ಸಲ ಫೋನ್ ಮಾಡಿದ್ದೇನೆ. ಎತ್ತುತ್ತಿಲ್ಲ.