ಯೀಸ್ಟ್ ಹುಳು ಅಲ್ಲ, ಹೊಟ್ಟೆಯಲ್ಲಿ ಉಬ್ಬುವುದೂ ಇಲ್ಲ

"ಬ್ರೆಡ್‌ಗೆ ಹಾಕುವ ಯೀಸ್ಟ್ ಜೀವಂತ ಹುಳು. ಹೊಟ್ಟೆಗೆ ಹೋದ ಮೇಲೂ ಉಬ್ಬುತ್ತದೆ. ಸಸ್ಯಾಹಾರಿಗಳು ಮುಟ್ಟಬೇಡಿ." ದಾವಣಗೆರೆಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದ ಮೆಸೇಜ್ ಇದು. ಅವತ್ತಿನಿಂದ ಅತ್ತೆ ಬನ್ನು ತಿನ್ನುವುದನ್ನೇ ಬಿಟ್ಟರು. ಸುಮ್ನೆ ಹೆದರಿಸಿದ್ದಾರಲ್ಲ ಅಂತ ಬೇಜಾರಾಯಿತು.

ಯೀಸ್ಟ್ ಹುಳು ಅಲ್ಲ. ಅಣಬೆಯ ಬಳಗಕ್ಕೆ ಸೇರಿದ, ಒಂದೇ ಕೋಶದ ಜೀವಿ. ಹಿಟ್ಟಿನ ಸಕ್ಕರೆ ಅಂಶ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗೋಧಿಯ ಅಂಟು ಅದನ್ನು ಹಿಡಿದಿಡುತ್ತದೆ, ಹಿಟ್ಟು ಉಬ್ಬುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಯೀಸ್ಟ್ ಸಾಯುತ್ತದೆ. ಬ್ರೆಡ್ ಬೇಯುವಾಗ ಒಳಗಿನ ಬಿಸಿ 90 ಡಿಗ್ರಿ ದಾಟುತ್ತದೆ. ಇನ್ನು ಹೊಟ್ಟೆಯಲ್ಲಿ ಉಬ್ಬಲು ಉಳಿದಿದ್ದೇನು?

ನಮ್ಮ ಬೆಣ್ಣೆ ದೋಸೆಯನ್ನೇ ನೋಡಿ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಸೌಟು ಇಳಿಸಿದರೆ ಗುಳ್ಳೆ ಒಡೆಯುವ ಸಣ್ಣ ಸದ್ದು, ಹುಳಿ ವಾಸನೆ. ಯೀಸ್ಟ್ ಯಾರೂ ಹಾಕಿಲ್ಲ. ಬೇಳೆಯ ಜೊತೆಗೇ ಬಂದ ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾದ ಕೆಲಸ ಅದು. ಹಂಚಿನ ಬಿಸಿಗೆ ಅವೂ ಸಾಯುತ್ತವೆ. ಇದನ್ನು ತಲೆತಲಾಂತರದಿಂದ ತಿಂದಿದ್ದೇವೆ, ಅಲ್ವಾ? ಅಡುಗೆ ಸೋಡಾದಲ್ಲಂತೂ ಜೀವವೇ ಇಲ್ಲ. ಹುಳಿ ತಾಗಿದರೆ ಗಾಳಿ ಬಿಡುತ್ತದೆ, ಅಷ್ಟೇ.

"ಹೊಗಳಿಕೆಗೆ ಉಬ್ಬಿಹೋದ" ಅಂತೀವಲ್ಲ, ಹಿಟ್ಟೂ ಹಾಗೆಯೇ. ತೂಕ ಜಾಸ್ತಿ ಆಗುವುದಿಲ್ಲ, ಒಳಗೆ ಗಾಳಿ ತುಂಬಿರುತ್ತದೆ.

ಬ್ರೆಡ್ ತಿಂದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುವುದು ನಿಜ. ಗೋಧಿಯಲ್ಲಿ ಸುಲಭಕ್ಕೆ ಅರಗದ ಕೆಲವು ಅಂಶಗಳಿವೆ, ಅದಕ್ಕೂ ಹಾಗಾಗಬಹುದು. ಪದೇ ಪದೇ ಆದರೆ ಡಾಕ್ಟರಿಗೆ ತೋರಿಸಿ.