ರಾಗಿ ಸರಿಗೆ ಎರಡು ಚಮಚ

ಆರು ತಿಂಗಳು ತುಂಬಿದ ಕೂಸು ಯಾವ ಮನೆಯಲ್ಲಿದೆ ಎಂದು ತಿಳಿಯಲು ತೊಟ್ಟಿಲು ಹುಡುಕಬೇಕಾಗಿಲ್ಲ. ಫ್ರಿಜ್ಜಿನ ಹಿಡಿ, ಟೀವಿ ರಿಮೋಟು, ಅಜ್ಜಿಯ ಸೀರೆ ಸೆರಗು, ಅಪ್ಪ ಆಫೀಸಿಗೆ ಇಸ್ತ್ರಿ ಮಾಡಿಟ್ಟ ಶರ್ಟಿನ ಹೆಗಲು, ಎಲ್ಲ ಕಡೆ ಒಂದೇ ಕಂದು ಬಣ್ಣದ ಚುಕ್ಕೆ ಕಂಡರೆ ಅಲ್ಲಿ ರಾಗಿ ಸರಿ, ಅಂದರೆ ಮೊಳಕೆ ಕಟ್ಟಿದ ರಾಗಿಹಿಟ್ಟಿನ ಗಂಜಿ, ಶುರುವಾಗಿದೆ ಎಂದೇ ಅರ್ಥ. ಚುಕ್ಕೆ ಕಾಣದ ಜಾಗ ಸಾಮಾನ್ಯವಾಗಿ ಒಂದೇ, ಮಗುವಿನ ನಾಲಿಗೆ.

ಮೊದಲ ಎಡವಟ್ಟು ಅಳತೆಯಲ್ಲೇ ಆಗುತ್ತದೆ. ಊರಿಂದ ಬಂದ ಅಜ್ಜಿಗೆ ಅರ್ಧ ಕಿಲೋ ರಾಗಿ ಅನ್ನುವುದು ಒಂದು ಲೆಕ್ಕವೇ ಅಲ್ಲ, ನೆನೆಹಾಕಿದರೆ ಐದು ಕಿಲೋ. ಶುರುವಿನಲ್ಲಿ ಒಂದು ಹೊತ್ತಿಗೆ ಬೇಕಾಗುವುದು ಒಂದು ದೊಡ್ಡ ಚಮಚ ಹಿಟ್ಟು, ಹತ್ತು ಗ್ರಾಂ ಆಸುಪಾಸು. ಐದು ಕಿಲೋದಲ್ಲಿ ತೌಡು ಕಳೆದು ಮೂರೂವರೆ ಕಿಲೋ ಉಳಿಯಿತು ಎಂದಿಟ್ಟುಕೊಂಡರೂ, ದಿನಕ್ಕೊಂದು ಹೊತ್ತಿನಂತೆ ಅದು ಮುಗಿಯಲು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮಗು ಮುದ್ದೆಗೆ ಬಂದಿರುತ್ತದೆ, ಹಿಟ್ಟಿಗೆ ಹುಳ ಬಂದಿರುತ್ತದೆ. ಒಂದು ತಿಂಗಳಲ್ಲಿ ಖರ್ಚಾಗುವಷ್ಟು ಮಾಡಿ, ತೇವವಿಲ್ಲದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಕು.

ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಕಲ್ಲು ತೆಗೆದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೇ ಮೊಳಕೆ ಇಣುಕುತ್ತದೆ, ಡಿಸೆಂಬರಿನ ಚಳಿಯಲ್ಲಿ ಎರಡು ದಿನ ಬೇಕು. ಮೊಳಕೆ ಉದ್ದ ಬಂದಷ್ಟೂ ಪುಷ್ಟಿ ಎಂದು ಮೂರನೆಯ ದಿನಕ್ಕೂ ಬಿಟ್ಟವರ ಗಂಟು ಬಿಚ್ಚಿ ನೋಡಬೇಕು. ಬೇರು ಬಟ್ಟೆಯ ಎಳೆಗಳ ನಡುವೆ ತೂರಿ ಆಚೆ ಬಂದಿರುತ್ತದೆ. ಕಾಳನ್ನು ಬಟ್ಟೆಯಿಂದ ಬಿಡಿಸುತ್ತೀರೋ ಬಟ್ಟೆಯನ್ನು ಕಾಳಿನಿಂದ ಬಿಡಿಸುತ್ತೀರೋ ತಿಳಿಯದೆ ಒಂದು ಮಧ್ಯಾಹ್ನ ಹೋಗುತ್ತದೆ. ಕೂದಲೆಳೆಯಷ್ಟು ಮೊಳಕೆ ಕಂಡೊಡನೆ ಹರವಿಬಿಡುವುದು ಜಾಣತನ. ಮಳೆಗಾಲದಲ್ಲಿ ಒಣಗದೆ ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ, "ಹುರಿದರೆ ಹೋಗತ್ತೆ ಬಿಡು" ಅನ್ನುವವರ ಮಾತು ಕೇಳಬಾರದು. ವಾಸನೆ ಹೋಗಬಹುದು, ಬೂಷ್ಟು ಬಿಟ್ಟುಹೋದ ವಿಷ ಹೋಗುವುದಿಲ್ಲ. ಅಷ್ಟನ್ನೂ ಎಸೆಯಬೇಕು.

ಹುರಿಯುವಾಗಲೂ ಒಂದು ಕಿತಾಪತಿ ಇದೆ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಕುದಿಸುವ ಹೊತ್ತಿಗೆ ಅದು ಪಿಷ್ಟವನ್ನು ತುಂಡರಿಸುವುದರಿಂದ, ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದೆ ಜಾರುವಂತಿರುತ್ತದೆ. ಪುಟ್ಟ ಹೊಟ್ಟೆಗೆ ಹೆಚ್ಚು ಕಸುವು ಸೇರಿಸುವ ಉಪಾಯ ಇದೇ. ಬೀದಿ ತುಂಬ ಘಮ ಬರಲಿ ಎಂದು ಕಪ್ಪಗಾಗುವವರೆಗೆ ಹುರಿದರೆ ಕಿಣ್ವ ಬಾಣಲೆಯಲ್ಲೇ ಸಾಯುತ್ತದೆ, ಎರಡು ದಿನದ ಕಟ್ಟುಪಾಡು ದಂಡವಾಗುತ್ತದೆ. ಸಣ್ಣ ಉರಿಯಲ್ಲಿ ಕೈಗೆ ಬಿಸಿ ತಾಗಿ, ತೆಳುವಾಗಿ ಘಮ ಏಳುವಷ್ಟರಲ್ಲಿ ಇಳಿಸಬೇಕು.

ಇನ್ನು ಹಿಟ್ಟಿನ ಗಿರಣಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, "ಅಣ್ಣಾ, ಈಗ ಇದರಲ್ಲಿ ಏನು ಹಾಕಿದ್ರಿ?" ಖಾರದ ಪುಡಿಗೆ ಬೇರೆ ಮಿಷನ್ ಇದ್ದರೂ ಸಾರಿನ ಪುಡಿಯ ಧನಿಯಾ ಜೀರಿಗೆ ಎಲ್ಲಿ ತಿರುಗಿತ್ತು ಅನ್ನುವುದು ಗಿರಣಿಯವನಿಗೇ ನೆನಪಿರುವುದಿಲ್ಲ. "ಏನೂ ಆಗಲ್ಲ ಕೊಡಿ ಮೇಡಂ" ಅನ್ನುತ್ತಾನೆ. ಅವನ ಮಾತು ನಿಜವೇ, ಆಗುವುದು ಅವನಿಗಲ್ಲವಲ್ಲ. ದೊಡ್ಡವರ ರೊಟ್ಟಿಗೆಂದು ಒಂದು ಕಿಲೋ ಮಾಮೂಲಿ ರಾಗಿ ಜೊತೆಗೆ ಒಯ್ದು ಅದನ್ನು ಮೊದಲು ಹಾಕಿಸಿ, ಆಮೇಲೆ ಸರಿಯ ರಾಗಿ ಹಾಕಿಸಿದರೆ ಮಿಷನ್ನೂ ಚೊಕ್ಕ, ರೊಟ್ಟಿಗೂ ಒಂದಿಷ್ಟು ರುಚಿ. ಬಂದ ಹಿಟ್ಟನ್ನು ತೆಳುವಾದ ಮಲ್ ಬಟ್ಟೆಯನ್ನು ಡಬ್ಬಿಯ ಬಾಯಿಗೆ ಕಟ್ಟಿ, ಅಂಗೈಯಿಂದ ಉಜ್ಜಿ ಇಳಿಸಬೇಕು. ಆ ಹೊತ್ತಿನಲ್ಲಿ ಫ್ಯಾನ್ ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಹಿಟ್ಟಿಗೆ ಏನೇನು ಬೆರೆಸಬೇಕು ಅನ್ನುವುದು ಕಾವೇರಿ ನೀರಿನ ಹಂಚಿಕೆಗಿಂತ ಜಟಿಲ. ಹೆಸರುಬೇಳೆ, ಬಾದಾಮಿ, ಗೋಡಂಬಿ, ಏಲಕ್ಕಿ, ಜಾಯಿಕಾಯಿ, ಬಜೆ, ಒಬ್ಬೊಬ್ಬರದು ಒಂದೊಂದು ಪಟ್ಟಿ. ಎಲ್ಲವನ್ನೂ ಮೊದಲ ದಿನವೇ ಸೇರಿಸಿ, ಸಂಜೆ ಮಗುವಿನ ಕೆನ್ನೆಯಲ್ಲಿ ದದ್ದು ಎದ್ದರೆ ಹತ್ತು ಮಂದಿಯಲ್ಲಿ ಕಳ್ಳ ಯಾರು? ಮೊದಲು ಬರೀ ರಾಗಿ, ಮೂರು ದಿನ ಬಿಟ್ಟು ಇನ್ನೊಂದು, ಮತ್ತೆ ಮೂರು ದಿನಕ್ಕೆ ಮತ್ತೊಂದು. ಗೋಡಂಬಿ ಬಾದಾಮಿ ನುಣ್ಣನೆಯ ಪುಡಿಯಾಗಿಯೇ ಹೋಗಬೇಕು, ಚೂರು ಉಳಿದರೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ. ಬಜೆ, ಜಾಯಿಕಾಯಿ ಮಕ್ಕಳ ಡಾಕ್ಟರನ್ನು ಕೇಳದೆ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ನೆಕ್ಕಿಸಲೂ ಬಾರದು, ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬೀಜಾಣು ಅದರಲ್ಲಿರಬಹುದು. ಉಪ್ಪು, ಸಕ್ಕರೆ, ಬೆಲ್ಲ ಕೂಡ ವರ್ಷ ತುಂಬುವವರೆಗೆ ಬೇಕಿಲ್ಲ. ಇಷ್ಟು ಹೇಳಿದ ಮೇಲೂ ಅಪ್ಪನಾದವನು ಒಂದು ಬೆರಳು ಅದ್ದಿ ರುಚಿ ನೋಡಿ, "ಇದನ್ನ ಯಾರ್ ತಿಂತಾರೆ?" ಅನ್ನುತ್ತಾನೆ. ಅವನು ತಿನ್ನಬೇಕಾಗಿಲ್ಲ. ಉಪ್ಪಿನ ಪರಿಚಯವೇ ಇಲ್ಲದ ನಾಲಿಗೆಗೆ ಸಪ್ಪೆ ಅನ್ನುವುದೂ ಗೊತ್ತಿರುವುದಿಲ್ಲ.

ಕುದಿಸುವುದು ಸುಲಭ. ಒಂದು ದೊಡ್ಡ ಚಮಚ ಹಿಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಅರ್ಧದಿಂದ ಮುಕ್ಕಾಲು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈ ಬಿಡದೆ ತಿರುವಿದರೆ ಹೊಳಪು ಬರುತ್ತದೆ, ಹಸಿ ವಾಸನೆ ಹೋಗುತ್ತದೆ. ಕುದಿವ ನೀರಿಗೆ ನೇರವಾಗಿ ಹಿಟ್ಟು ಸುರಿದರೆ ಹೊರಪದರ ತಕ್ಷಣ ಬೆಂದು ಅಂಟಾಗಿ, ಒಳಗೆ ಒಣ ಹಿಟ್ಟು ಹಾಗೇ ಸೆರೆಯಾಗುತ್ತದೆ, ಅದೇ ಗಂಟು. ಕೊನೆಗೆ ಅರ್ಧ ಚಮಚ ತುಪ್ಪ.

ಇಲ್ಲಿಂದ ಮುಂದೆ ನ್ಯಾಯ ಪಂಚಾಯಿತಿ. ಒಲೆಯ ಪಕ್ಕ ನಿಂತ ಅತ್ತೆ ಬಗ್ಗಿ ನೋಡಿ, "ಇದೇನಮ್ಮ ಇಷ್ಟು ನೀರು! ಮಗು ಹೊಟ್ಟೆ ತುಂಬೋದು ಹೇಗೆ?" ಅನ್ನುತ್ತಾರೆ. ಆರಿಸಿ, ಮಗುವಿಗೆ ಬಿಬ್ ಕಟ್ಟಿ, ಕೂರಿಸುವಷ್ಟರಲ್ಲಿ ತವರಿಂದ ವಿಡಿಯೋ ಕಾಲ್. ಬಟ್ಟಲು ನೋಡಿದ ಅಮ್ಮ, "ಅಯ್ಯೋ, ಗಟ್ಟಿ ಆಯ್ತು ಕಣೇ, ಗಂಟಲಲ್ಲಿ ಕಟ್ಟಿಕೊಳ್ಳತ್ತೆ, ನೀರು ಹಾಕು" ಅನ್ನುತ್ತಾರೆ. ಬಟ್ಟಲು ಅದೇ, ಸರಿಯೂ ಅದೇ. ಇಬ್ಬರೂ ಹೇಳಿದ್ದು ಸತ್ಯವೇ, ನಡುವೆ ಹತ್ತು ನಿಮಿಷ ಕಳೆದಿದೆ ಅಷ್ಟೆ. ಬೆಂದ ಪಿಷ್ಟ ಆರಿದಂತೆಲ್ಲ ಬಿಗಿಯುತ್ತದೆ. ಒಲೆಯಿಂದ ಇಳಿಸುವಾಗ ತುಸು ತೆಳುವಾಗಿದ್ದು, ತಿನ್ನಿಸುವಾಗ ಚಮಚ ಓರೆ ಮಾಡಿದರೆ ಸುರಿಯದೆ ನಿಧಾನವಾಗಿ ಜಾರುವಂತಿದ್ದರೆ ಹದ. ತೀರಾ ನೀರಾಗಿಸಿದರೂ ತಪ್ಪು. ಎಂಟು ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರು, ಅದನ್ನು ನೀರಿನಿಂದಲೇ ತುಂಬಿಸಿದರೆ ಮೈಗೆ ಹತ್ತುವುದು ಏನು?

ತಿನ್ನಿಸುವ ಹೊತ್ತಿನ ಮುಖ್ಯ ಸಲಕರಣೆ ಎರಡನೆಯ ಚಮಚ. ಒಂದೇ ಚಮಚ ಇದ್ದರೆ ಮಗು ಅದನ್ನು ಮಧ್ಯದಾರಿಯಲ್ಲಿ ಹಿಡಿಯುತ್ತದೆ. ಹಿಡಿತ ಬಿಡಿಸಲು ಎಳೆದರೆ ಚಮಚ ಚಿಮ್ಮುತ್ತದೆ, ಸರಿ ಎಲ್ಲಿಗೆ ಹೋಗಬೇಕೆಂದು ಆಗ ಅದೇ ತೀರ್ಮಾನಿಸುತ್ತದೆ. ಮಗುವಿನ ಕೈಗೆ ಮೊದಲೇ ಒಂದು ಖಾಲಿ ಚಮಚ ಕೊಟ್ಟುಬಿಡಬೇಕು. ಅದು ಆ ಚಮಚವನ್ನು ಕಚ್ಚಲು ಬಾಯಿ ತೆರೆದ ಗಳಿಗೆಯಲ್ಲಿ ಪಕ್ಕದಿಂದ ನಮ್ಮದು ಒಳಗೆ. ಮೊದಲ ವಾರ ಹಾಕಿದ್ದೆಲ್ಲ ನಾಲಿಗೆಯಿಂದ ತಳ್ಳಿಕೊಂಡು ಗಲ್ಲಕ್ಕೆ ಬರುತ್ತದೆ. ರುಚಿಸಲಿಲ್ಲ ಎಂದಲ್ಲ, ಹಾಲು ಚೀಪಿ ರೂಢಿಯಾದ ನಾಲಿಗೆಗೆ ಬಂದದ್ದನ್ನು ಹಿಂದಕ್ಕೆ ಸರಿಸುವುದು ಇನ್ನೂ ಬಂದಿಲ್ಲ, ಅಷ್ಟೇ. ಗಲ್ಲದಿಂದ ಒರಸಿ ಮತ್ತೆ ಅದನ್ನೇ ಬಾಯಿಗೆ ಹಾಕಿದರೆ, ಒಂದು ಚಮಚ ಸರಿ ನಾಲ್ಕು ಸಲ ಪ್ರಯಾಣ ಮಾಡುತ್ತದೆ.

ಆಮೇಲೆ ಬರುವುದು ತುಟಿ ಸೇರಿಸಿ "ಬುರ್ರ್" ಅನ್ನುವ ಕಲೆ. ಸರಿ ತುಂಬಿದ ಬಾಯಲ್ಲಿ ಇದನ್ನು ಮಾಡಿದರೆ ತಿನ್ನಿಸುವವರ ಕನ್ನಡಕಕ್ಕೆ ನೇರ ಗುರಿ. ಇಲ್ಲಿ ನಗಬಾರದು. ಒಮ್ಮೆ ಮನೆಮಂದಿ ನಕ್ಕರೆ ಮಗುವಿಗೆ ಪ್ರತಿ ತುತ್ತೂ ಒಂದು ಪ್ರದರ್ಶನ. ನಗದೇ ಇರುವುದು ಅಜ್ಜನಿಂದ ಆಗುವುದಿಲ್ಲವಾದ್ದರಿಂದ ಅವರನ್ನು ಆ ಹೊತ್ತಿಗೆ ತರಕಾರಿ ತರಲು ಕಳಿಸುವುದು ಒಳ್ಳೆಯದು. ಮಗು ಮುಖ ತಿರುಗಿಸಿತು, ಬಾಯಿ ಬಿಗಿಹಿಡಿಯಿತು ಅಂದರೆ ಸಾಕು ಎಂದರ್ಥ. ಎರಡು ಮೂರು ಚಮಚಕ್ಕೇ ನಿಂತರೂ ಮೊದಲಲ್ಲಿ ಅಷ್ಟೇ ಸಾಕು, ಹೊಟ್ಟೆ ತುಂಬಿಸುವ ಕೆಲಸ ಇನ್ನೂ ತಾಯಿಹಾಲಿನದೇ. ಮಲಗಿಸಿ, ಕೈಕಾಲು ಒತ್ತಿ, ಮೂಗು ಹಿಡಿದು ಒಳಲೆ ಎಂಬ ಕೊಕ್ಕಿನ ಪುಟ್ಟ ಬಟ್ಟಲಿನಲ್ಲಿ ಹುಯ್ಯುವ ಹಳೆಯ ಪರಾಕ್ರಮವನ್ನು ಮಾತ್ರ ಯಾರು ಹೇಳಿದರೂ ಮಾಡಕೂಡದು. ಅತ್ತು ಉಸಿರೆಳೆಯುವಾಗ ಸರಿ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಕೂರಿಸಿಯೇ ತಿನ್ನಿಸಬೇಕು. ಕೆಮ್ಮಿ, ಕೆಂಪಾಗಿ, ನಾಲಿಗೆ ಚಾಚಿ ಓಕರಿಸಿದರೆ ಮಗುವೇ ಸುಧಾರಿಸಿಕೊಳ್ಳುತ್ತದೆ. ಸದ್ದೇ ಇಲ್ಲದೆ ಮುಖ ನೀಲಿಯಾದರೆ ಅದು ಬೇರೆ ಮಾತು, ತಡಮಾಡದೆ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಹೆಗಲ ಮೂಳೆಗಳ ನಡುವೆ ಐದು ಪೆಟ್ಟು ಕೊಟ್ಟು, ನೆರವಿಗೆ ಕೂಗಬೇಕು.

ಬಟ್ಟಲಿನಲ್ಲಿ ಉಳಿದದ್ದು ಸ್ವಲ್ಪ ಹೊತ್ತಿಗೆ ನೀರೊಡೆದಂತೆ ಕಂಡರೆ ಯಾರೂ ನೀರು ಹಾಕಿಲ್ಲ. ಚಮಚದ ಜೊತೆ ಬಂದ ಎಂಜಲಿನಲ್ಲೂ ಅದೇ ಅಮೈಲೇಸ್ ಇದೆ, ಬಟ್ಟಲಲ್ಲೇ ಜೀರ್ಣ ಶುರುವಾಗಿದೆ. ಸಂಜೆಗೆ ಬಿಸಿ ಮಾಡಿ ಕೊಡೋಣ ಎಂದು ಎತ್ತಿಡಬೇಡಿ. ಚಿಕ್ಕ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಂಡರೆ ದಂಡವಾಗುವುದೂ ಕಡಿಮೆ. ತಿಂದಾದ ಮೇಲೆ ಕುತ್ತಿಗೆಯ ಮಡಿಕೆ, ಕಿವಿಯ ಹಿಂಭಾಗ, ಬಿಗಿದ ಮುಷ್ಟಿಯೊಳಗೆ ಒದ್ದೆ ಬಟ್ಟೆಯಿಂದ ಒರಸಬೇಕು. ಒಣಗಲು ಬಿಟ್ಟರೆ ಸಿಮೆಂಟು. ಬಿಬ್ಬು ಎದೆಯನ್ನಷ್ಟೇ ಕಾಯುತ್ತದೆ, ಸರಿ ಇಳಿಯುವುದು ಅದರ ಒಳದಾರಿಯಿಂದ.

ಎರಡು ಮೂರು ದಿನಕ್ಕೆ ಡೈಪರಿನಲ್ಲಿ ಗಾಢ ಕಂದು ಬಣ್ಣ, ನಡುವೆ ಕಪ್ಪು ಚುಕ್ಕೆ. ಮನೆ ಹೌಹಾರುತ್ತದೆ. ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ, ಅದೂ ಸರಿಯಾಗಿ ತಿಂಡಿ ಹೊತ್ತಿಗೆ. ಅದು ರಾಗಿಯ ಸಿಪ್ಪೆ, ಹೋದಂತೆಯೇ ಹೊರಬಂದಿದೆ. ಆರು ತಿಂಗಳ ನಂತರ ವಾರಕ್ಕೆರಡು ಸಲ ಕೊಡುವ ಕಬ್ಬಿಣದ ಸಿರಪ್ಪೂ ಬಣ್ಣ ಕಪ್ಪಾಗಿಸುತ್ತದೆ. ಡಾಂಬರಿನಂತೆ ಅಂಟಂಟಾಗಿ ಕಪ್ಪಗಿದ್ದರೆ, ರಕ್ತ ಕಂಡರೆ, ಸುಣ್ಣದ ಹಾಗೆ ಬಿಳಚಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು, ಗ್ರೂಪಿಗಲ್ಲ. ಮಲ ಗಟ್ಟಿಯಾಗಿ ಮಗು ತಿಣುಕುತ್ತಿದ್ದರೆ ಸರಿಯನ್ನು ತೆಳು ಮಾಡಿ, ನಡುವೆ ಕಾಯಿಸಿ ಆರಿಸಿದ ನೀರು ಎರಡು ಗುಟುಕು.

ಮದುವೆ ಛತ್ರಕ್ಕೆ ಫ್ಲಾಸ್ಕಿನಲ್ಲಿ ಸರಿ ಒಯ್ಯುವವರಿಗೆ ಧಾರೆಯ ಹೊತ್ತಿಗೆ ಸಿಗುವುದು ಚಮಚ ನಿಲ್ಲುವಂಥ ಮುದ್ದೆ. ಜೊತೆಗೆ ಆ ಬೆಚ್ಚನೆಯಲ್ಲಿ ಕ್ರಿಮಿ ಬೆಳೆಯುವುದೂ ಚೆನ್ನಾಗಿಯೇ. ಎರಡು ಗಂಟೆ ಮೀರಿದ್ದನ್ನು ಕೊಡದೆ, ಅಂಥ ದಿನ ಒಂದು ಕಳಿತ ಏಲಕ್ಕಿ ಬಾಳೆಹಣ್ಣನ್ನು ಕಿವುಚಿ ತಿನ್ನಿಸಿದರಾಯಿತು. ಬಾಳೆಯ ಕಲೆ ಮಾತ್ರ ರಾಗಿಯಂತಲ್ಲ, ರೇಷ್ಮೆ ಸೀರೆಯ ಆಯುಷ್ಯವಿರುವವರೆಗೂ ಇರುತ್ತದೆ.

ಪರದೇಶದಲ್ಲಿ ಬಾಣಂತನಕ್ಕೆ ಹೊರಟ ಅಜ್ಜಿಯರ ಸೂಟ್‌ಕೇಸಿನಲ್ಲಿ ಹೆಸರು ಬರೆಯದ, ದಾರ ಕಟ್ಟಿದ ಕಂದು ಪುಡಿಯ ಪೊಟ್ಟಣ ಇದ್ದೇ ಇರುತ್ತದೆ. ಅಮೆರಿಕದ ವಿಮಾನವಾದರೆ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಇಡದೆ ಲಗೇಜಿಗೇ ಹಾಕಬೇಕು. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥ ಏನಿದ್ದರೂ ಇಳಿದೊಡನೆ ಬರೆದು ತಿಳಿಸಲೇಬೇಕು, ಮುಚ್ಚಿಟ್ಟು ಸಿಕ್ಕರೆ ದಂಡ. ಹೆಸರು ಬರೆದ ಚೀಟಿ ಅಂಟಿಸಿ, "ಬೇಬಿ ಫುಡ್, ಮಿಲೆಟ್ ಫ್ಲೋರ್" ಎಂಬ ನಾಲ್ಕು ಮಾತನ್ನು ಅಜ್ಜಿಗೆ ಬಾಯಿಪಾಠ ಮಾಡಿಸಿ ಕಳಿಸಿ. ಇಲ್ಲವಾದರೆ ಅಧಿಕಾರಿ ಇದೇನೆಂದು ಕೇಳಿದೊಡನೆ ಅಜ್ಜಿ ಉತ್ತರವನ್ನು ನೆನೆಹಾಕುವುದರಿಂದ ಶುರುಮಾಡುತ್ತಾರೆ, ಬಟ್ಟೆಯಲ್ಲಿ ಜರಡಿ ಹಿಡಿಯುವವರೆಗೆ ಬರುವಷ್ಟರಲ್ಲಿ ಹಿಂದಿನ ಸಾಲು ಬಾಗಿಲು ದಾಟಿ ನಿಂತಿರುತ್ತದೆ.