ಇಳಿಯದ ಡಿಕಾಕ್ಷನ್

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಮೂಗು ಎಳೆದ ಕಡೆ ನಡೆದರೆ ಸಾಕು, ಕಾಫಿಪುಡಿ ಅಂಗಡಿ ಸಿಗುತ್ತದೆ. ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ನೆಟ್ಟರೆನ್ನುವ ಗಿರಿ ಊರ ಹಿಂದೆಯೇ ಇದೆ. ಇಂಥ ಊರಲ್ಲೂ ಬೆಳಿಗ್ಗೆ ಆರೂವರೆಗೆ ಹಾಲು ಉಕ್ಕಿ, ಲೋಟಗಳು ಸಾಲಾಗಿ ನಿಂತ ಮೇಲೆ ಫಿಲ್ಟರ್ ಎತ್ತಿ ನೋಡಿದರೆ ಕೆಳಬಟ್ಟಲಿನಲ್ಲಿ ಎರಡು ಚಮಚ ಡಿಕಾಕ್ಷನ್! ಇವತ್ತೂ ಅದೇ ಕಥೆ.

ಆಗ ಮನೆಯ ಹಿರಿಯರೊಬ್ಬರು ಚಮಚ ಹಿಡಿದು ಬರುತ್ತಾರೆ. ಪ್ರತಿ ಮನೆಗೂ ಇಂಥವರೊಬ್ಬರು ಮಂಜೂರಾಗಿರುತ್ತಾರೆ. ಮೊದಲು ಮುಚ್ಚಳದ ಮೇಲೆ ಟಣ್. ಕಿವಿಗೊಟ್ಟು ಕೇಳುವುದು. ಆಮೇಲೆ ಪಕ್ಕೆಗೆ ಟಣ್ ಟಣ್. ಮುಚ್ಚಳ ತೆಗೆದು ಇಣುಕಿ, "ನೀರು ಹಂಗೇ ನಿಂತಿದೆ ನೋಡ್ರಿ" ಎಂದು ಮನೆಮಂದಿಗೆಲ್ಲ ಸಾರಿ, ಒಳಗಿನ ತೂತುಬಿಲ್ಲೆಯನ್ನು ಶಕ್ತಿಯಿದ್ದಷ್ಟು ಒತ್ತುವುದು. ಕೊನೆಗೆ ತೀರ್ಪು: "ಈ ಸಲದ ಪುಡೀನೇ ಸರಿ ಇಲ್ಲ." ಪುಡಿ ಸರಿಯಾಗಿಯೇ ಇತ್ತು ಸ್ವಾಮಿ, ನೀವು ಬಡಿಯುವ ತನಕ! ಬಡಿದಷ್ಟೂ ನಯವಾದ ಪುಡಿ ತಳಕ್ಕೆ ಜಾರಿ ತೂತುಗಳಲ್ಲಿ ಕೂರುತ್ತದೆ. ಒತ್ತಿದರೆ ನೀರಿಗೆ ಉಳಿದಿದ್ದ ಸಂದೂ ಹೋಯಿತು.

ಎಷ್ಟೋ ಸಲ ತಪ್ಪು ಗಾಳಿಯದು. ಎರಡು ಬಟ್ಟಲು ಕೂಡುವ ಜಾಗ ಒದ್ದೆಯಾಗಿ ಬಿಗಿದುಕೊಂಡರೆ ಕೆಳಗಿನ ಗಾಳಿಗೆ ಹೊರದಾರಿ ಇಲ್ಲ. ಅದು ಜಾಗ ಬಿಡದೆ ಡಿಕಾಕ್ಷನ್ ಇಳಿಯದು. ಮೇಲಿನ ಬಟ್ಟಲನ್ನು ಕೂದಲೆಳೆಯಷ್ಟು ಎತ್ತಿ, ತಿರುಗಿಸಿ ಕೂರಿಸಿದರೆ ಮತ್ತೆ ತೊಟ್ಟಿಕ್ಕುತ್ತದೆ. ನೂರಕ್ಕೆ ನಲವತ್ತು ಚಿಕೋರಿ ಹಾಕಿಸಿದ್ದರೆ ಮಾತ್ರ ಎತ್ತಿದರೂ ನಿಧಾನವೇ, ಚಿಕೋರಿ ನೀರು ಕುಡಿದು ಮುದ್ದೆಯಾಗುತ್ತದೆ.

ನಿಧಾನವೆಂದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ್ದು. ಡಾಂಬರಿನ ಜಾತಿಯ ಪಿಚ್ ಎಂಬ ವಸ್ತುವನ್ನು 1927ರಲ್ಲಿ ಅಲ್ಲಿ ಆಲಿಕೆಗೆ ಸುರಿದರು. ಸುತ್ತಿಗೆಯಿಂದ ಹೊಡೆದರೆ ಒಡೆಯುವ ಈ ಪಿಚ್ ದ್ರವವೆಂದು ತೋರಿಸುವುದು ಉದ್ದೇಶ. ಅದು ತಳವೂರಲು ಮೂರು ವರ್ಷ ಬಿಟ್ಟು, 1930ರಲ್ಲಿ ಕೆಳತುದಿ ಕತ್ತರಿಸಿದರು. 2014ರವರೆಗೆ ಬಿದ್ದದ್ದು ಒಂಬತ್ತೇ ಹನಿ! 1961ರಿಂದ ಅದನ್ನು ಕಾದವರು ಪ್ರೊಫೆಸರ್ ಜಾನ್ ಮೇನ್‌ಸ್ಟೋನ್. 1988ರಲ್ಲಿ ಅವರು ಏನೋ ಕುಡಿದು ಬರಲು ಹೋದ ಐದೇ ನಿಮಿಷದಲ್ಲಿ ಹನಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟರು, ಅದು ಕೈಕೊಟ್ಟಿತು. 2013ರಲ್ಲಿ ತೀರಿಕೊಂಡರು, ಒಂಬತ್ತನೆಯದು ಬಿದ್ದದ್ದು ಮುಂದಿನ ಏಪ್ರಿಲ್‌ನಲ್ಲಿ. ಐವತ್ತೆರಡು ವರ್ಷ ಕಾದು ಒಂದು ಹನಿಯೂ ಕಣ್ಣಿಗೆ ಬೀಳಲಿಲ್ಲ, ಪಾಪ. ಆದರೂ ಅವರು ಆಲಿಕೆಗೆ ಚಮಚದಲ್ಲಿ ಬಡಿಯಲಿಲ್ಲ.

ನಮ್ಮದು ಹದಿನೈದು-ಇಪ್ಪತ್ತು ನಿಮಿಷದ ಕೆಲಸ. ಬಿಲ್ಲೆಯನ್ನು ಪುಡಿಯ ಮೇಲೆ ಸುಮ್ಮನೆ ಇಟ್ಟು, ಕುದಿ ನಿಂತ ನೀರು ಸ್ವಲ್ಪ ಹಾಕಿ ಪುಡಿ ನೆನೆಸಿ, ಅರ್ಧ ನಿಮಿಷದ ಮೇಲೆ ಉಳಿದದ್ದನ್ನು ತುಂಬಿಸಿದರಾಯಿತು. ತೂತು ಕಟ್ಟಿದ್ದರೆ ಸ್ಟೀಲಿನ ಖಾಲಿ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ ಉರಿಗೆ ತೋರಿಸಿ. ಕಪ್ಪು ಉದುರುತ್ತದೆ, ಆರಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ಕಂಪ್ಯೂಟರ್ ಪ್ರಯೋಗಾಲಯದವರು 1991ರಲ್ಲಿ ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಕೂರಿಸಿ, ಕಾಫಿ ಉಳಿದಿದೆಯೇ ಎಂದು ಕೂತಲ್ಲಿಂದಲೇ ನೋಡುತ್ತಿದ್ದರು. ನೋಡುವವರ ಕೈಗೆ ಪಾತ್ರೆ ಎಟುಕುತ್ತಿರಲಿಲ್ಲ. ಈ ವ್ಯವಸ್ಥೆ ನಮ್ಮ ಅಡುಗೆಮನೆಗೂ ಬೇಕು.